ಏಳದ ಲ್ಯಾಪ್‌ಟಾಪನ್ನು ಎಬ್ಬಿಸುವುದು ಹೇಗೆ?



ಹೋದ ವಾರ ಅಡುಗೆಮನೆಯಲ್ಲಿ ಕೂತು ಕುಕ್ಕರಿನ ವಿಷಲ್ ಬಗ್ಗೆ ಮಾತಾಡಿದ್ದೆವು. ಈ ವಾರ ನಡುಮನೆಗೆ ಬರೋಣ. ಅಲ್ಲಿ ಮೇಜಿನ ಮೇಲೆ ಒಂದು ಲ್ಯಾಪ್‌ಟಾಪು ಇದೆ. ನಿನ್ನೆ ರಾತ್ರಿ ಚೆನ್ನಾಗಿಯೇ ಇತ್ತು. ಬೆಳಿಗ್ಗೆ ಗುಂಡಿ ಒತ್ತಿದರೆ ಏಳುತ್ತಿಲ್ಲ. ನಾಳೆ ಶಾಲೆಗೆ ಪ್ರಾಜೆಕ್ಟ್ ಕೊಡಬೇಕು. ಮನೆಯಲ್ಲಿ ಒಬ್ಬರು "ವೈರಸ್ ಬಂದಿದೆ" ಅನ್ನುತ್ತಾರೆ, ಇನ್ನೊಬ್ಬರು "ಸುಟ್ಟುಹೋಗಿದೆ" ಅನ್ನುತ್ತಾರೆ, ಮತ್ತೊಬ್ಬರು ಬೆನ್ನಿಗೆ ಎರಡು ಏಟು ಕೊಟ್ಟು ನೋಡುತ್ತಾರೆ. ಲ್ಯಾಪ್‌ಟಾಪಿನ ಬೆನ್ನಿಗೆ, ಮಕ್ಕಳ ಬೆನ್ನಿಗಲ್ಲ!

ಈ ಒಂದು ವರ್ಷದಲ್ಲಿ ನಮ್ಮ ನೆಂಟರಿಷ್ಟರ ಮನೆಗಳಲ್ಲೇ ಇಂಥ ನಾಲ್ಕು ಪ್ರಸಂಗಗಳಾದವು: ಮಾಲೂರಿನಲ್ಲಿ ಒಂದು, ಕೋಲಾರದ ನಮ್ಮ ಮನೆಯಲ್ಲೇ ಒಂದು, ಮುಳಬಾಗಿಲಿನಲ್ಲಿ ಒಂದು, ಶ್ರೀನಿವಾಸಪುರದಲ್ಲಿ ಒಂದು. ನಾಲ್ಕೂ ಮನೆಯವರು ಫೋನಿನಲ್ಲಿ ಹೇಳಿದ್ದು ಒಂದೇ ಮಾತು, "ಲ್ಯಾಪ್‌ಟಾಪು ಆನ್ ಆಗ್ತಿಲ್ಲ." ನಾಲ್ಕರ ಕಾಯಿಲೆಯೂ ಬೇರೆ ಬೇರೆ. ಅವನ್ನು ಒಂದೊಂದಾಗಿ ಹೇಳುತ್ತೇನೆ. ಮೊದಲು ಒಂದು ಹಳೆಯ ಸಂಗತಿ.

1902ರಲ್ಲಿ ಶಿವನಸಮುದ್ರದ ಕಾವೇರಿ ನೀರಿನಿಂದ ತಯಾರಾದ ವಿದ್ಯುತ್ತು ತಂತಿಯ ಮೇಲೆ ಓಡಿ ಬಂದು ನಮ್ಮ ಕೋಲಾರದ ಚಿನ್ನದ ಗಣಿಯನ್ನು ಮುಟ್ಟಿತು. ದೂರ ಸುಮಾರು 147 ಕಿಲೋಮೀಟರು. ಬೆಂಗಳೂರಿನ ಬೀದಿಗಳಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ, ಅಂದರೆ ನಮ್ಮ ಗಣಿಗೆ ಬಂದ ಮೇಲೆ! ಈಗ ಯೋಚಿಸಿ. ಗಣಿಯಲ್ಲಿ ಒಂದು ದಿನ ಮೋಟಾರು ನಿಂತುಹೋದರೆ ತಪ್ಪು ಎಲ್ಲಿದೆ ಅಂತ ಹುಡುಕುವುದು ಹೇಗೆ? ಮೋಟಾರನ್ನೇ ಬಿಚ್ಚಿ ಹಾಕಿ ಕೂರುವುದಲ್ಲ. ಶಿವನಸಮುದ್ರದಲ್ಲಿ ಯಂತ್ರ ತಿರುಗುತ್ತಿದೆಯೇ, ತಂತಿ ಎಲ್ಲಾದರೂ ಕಡಿದಿದೆಯೇ, ಗಣಿಯ ಬಾಗಿಲ ತನಕ ವಿದ್ಯುತ್ತು ಬಂದಿದೆಯೇ ಎಂದು ದಾರಿಯುದ್ದಕ್ಕೂ ನೋಡಿಕೊಂಡು ಬರಬೇಕು. ಎಲ್ಲಿಯ ತನಕ ಸರಿಯಿದೆ, ಎಲ್ಲಿಂದ ಮುಂದೆ ಇಲ್ಲ, ಆ ಜಾಗ ಸಿಕ್ಕರೆ ರೋಗ ಸಿಕ್ಕಿದ ಹಾಗೆ. ಲ್ಯಾಪ್‌ಟಾಪಿಗೂ ಇದೇ ಉಪಾಯ.

ಬೆಳಗಿನ ಶಾಲೆಯಂತೆ

ಲ್ಯಾಪ್‌ಟಾಪು ಏಳುವುದನ್ನು ಬೆಳಗಿನ ಶಾಲೆಗೆ ಹೋಲಿಸಿ ನೋಡಿ. ಮೊದಲು ಅಟೆಂಡರ್ ಬಂದು ಗೇಟು ತೆಗೆಯುತ್ತಾರೆ. ಲ್ಯಾಪ್‌ಟಾಪಿನಲ್ಲಿ ಈ ಕೆಲಸ ಬಯಾಸ್ ಎಂಬ ಪುಟ್ಟ ತಂತ್ರಾಂಶದ್ದು. ಅದು ಒಂದು ಚಿಪ್ಪಿನೊಳಗೆ ಸದಾ ಇರುತ್ತದೆ. ಗುಂಡಿ ಒತ್ತಿದ ಕೂಡಲೇ ಅದು ಎದ್ದು ಹಾಜರಿ ಕೂಗುತ್ತದೆ: ಮೆಮೊರಿ ಇದೀಯಾ? ಕೀಬೋರ್ಡು ಇದೀಯಾ? ಡಿಸ್ಕು ಇದೀಯಾ? ಎಲ್ಲರೂ "ಹಾಜರ್" ಅಂದ ಮೇಲೆ ಡಿಸ್ಕಿನಲ್ಲಿ ಮಲಗಿರುವ ವಿಂಡೋಸ್ ಎಂಬ ಹೆಡ್‌ಮಾಸ್ಟರರನ್ನು ಎಬ್ಬಿಸುತ್ತದೆ. ವಿಂಡೋಸ್ ಎದ್ದು ತನ್ನ ಮೇಷ್ಟರುಗಳನ್ನೆಲ್ಲ ಅಂದರೆ ಡ್ರೈವರ್‌ಗಳನ್ನು ಕರೆಯುತ್ತದೆ. ಪರದೆಗೆ ಒಬ್ಬ ಮೇಷ್ಟ್ರು, ಸದ್ದಿಗೆ ಒಬ್ಬರು, ವೈಫೈಗೆ ಒಬ್ಬರು. ಆಮೇಲೆ ನಿಮ್ಮ ಪಾಸ್‌ವರ್ಡ್ ಕೇಳುತ್ತದೆ. ಅಲ್ಲಿಗೆ ತರಗತಿ ಶುರು.

ಹೀಗೆ ಏಳುವುದಕ್ಕೆ ಇಂಗ್ಲಿಷಿನಲ್ಲಿ 'ಬೂಟ್' ಆಗುವುದು ಅನ್ನುತ್ತಾರೆ. ಕಾಲಿಗೆ ಹಾಕುವ ಬೂಟಿನಿಂದಲೇ ಬಂದ ಮಾತು. ಬೂಟಿನ ಹಿಂದಿನ ಪಟ್ಟಿಯನ್ನು ಹಿಡಿದು ತನ್ನನ್ನು ತಾನೇ ಮೇಲಕ್ಕೆ ಎತ್ತಿಕೊಳ್ಳುವುದು ಎಂದು ಒಂದು ತಮಾಷೆಯ ಮಾತಿತ್ತು. ನಮ್ಮ ಕಡೆ ಹೇಳುವುದಾದರೆ, ತನ್ನ ಜುಟ್ಟು ತಾನೇ ಹಿಡಿದು ಬಾವಿಯಿಂದ ಮೇಲೆ ಬಂದ ಹಾಗೆ! ಕಂಪ್ಯೂಟರು ದಿನಾ ಬೆಳಿಗ್ಗೆ ಮಾಡುವುದು ಹೆಚ್ಚುಕಡಿಮೆ ಇದನ್ನೇ. ಪುಟ್ಟದು ದೊಡ್ಡದನ್ನು ಎಬ್ಬಿಸುತ್ತದೆ, ದೊಡ್ಡದು ಮಿಕ್ಕವರನ್ನು ಎಬ್ಬಿಸುತ್ತದೆ.

ಈಗ ನಾಲ್ಕು ಊರು ಸುತ್ತೋಣ ಬನ್ನಿ.

ಮಾಲೂರು: ದೀಪವೇ ಇಲ್ಲ

ಮಾಲೂರಿನಲ್ಲಿ ನನ್ನ ತಂಗಿಯ ಮನೆ. ಹೆಂಚು, ಇಟ್ಟಿಗೆಗೆ ಹೆಸರಾದ ಊರು. ಬೇಸಿಗೆಯಲ್ಲಿ ಕಿಟಕಿ ತೆಗೆದರೆ ಕೆಂಪು ಧೂಳಿಗೆ ಬರವಿಲ್ಲ. ಅಲ್ಲಿನ ಲ್ಯಾಪ್‌ಟಾಪು ಗುಂಡಿ ಒತ್ತಿದರೆ ಒಂದು ದೀಪವನ್ನೂ ತೋರಿಸುತ್ತಿರಲಿಲ್ಲ. ಫ್ಯಾನಿನ ಸದ್ದೂ ಇಲ್ಲ. ಶಾಲೆಯ ಭಾಷೆಯಲ್ಲಿ ಹೇಳುವುದಾದರೆ ಅಟೆಂಡರೇ ಬಂದಿಲ್ಲ.

ದೀಪವೇ ಇಲ್ಲದಿದ್ದರೆ ಗೋಡೆಯಿಂದ ಶುರುಮಾಡಿ. ಅದೇ ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಹಾಕಿ. ಮೊಬೈಲು ಚಾರ್ಜ್ ಆದರೆ ಸಾಕೆಟ್ಟು ಸರಿಯಿದೆ. ಎಕ್ಸ್‌ಟೆನ್ಷನ್ ಬಾಕ್ಸ್ ಇದ್ದರೆ ಅದನ್ನು ಬಿಟ್ಟು ನೇರವಾಗಿ ಗೋಡೆಗೆ ಹಾಕಿ. ಅಡಾಪ್ಟರಿನ ಮೇಲೆ ದೀಪವಿದ್ದರೆ ಅದು ಉರಿಯುತ್ತಿದೆಯೇ ನೋಡಿ. ಅಡಾಪ್ಟರಿಗೂ ಗೋಡೆಗೂ ನಡುವಿನ ವೈರನ್ನು ಬಿಚ್ಚಿ ಮತ್ತೆ ಗಟ್ಟಿಯಾಗಿ ಒತ್ತಿ. ಎಷ್ಟೋ ಸಲ ಅದೇ ಸಡಿಲವಾಗಿರುತ್ತದೆ. ಕೊನೆಗೆ ಲ್ಯಾಪ್‌ಟಾಪಿನ ಚಾರ್ಜಿಂಗ್ ತೂತಿಗೆ ಟಾರ್ಚ್ ಬಿಟ್ಟು ನೋಡಿ. ಪಿನ್ನು, ಸೂಜಿ ಹಾಕಿ ಕೆದಕಬಾರದು.

ತಂಗಿಯ ಮನೆಯಲ್ಲಿ ಸಾಕೆಟ್ಟು ಸರಿಯಿತ್ತು, ತೂತೂ ಶುದ್ಧವಾಗಿತ್ತು. ಕೊನೆಗೆ ತಿಳಿದದ್ದೇನೆಂದರೆ, ಮೊಮ್ಮಗ ನಾಲ್ಕು ದಿನದಿಂದ ಮೊಬೈಲಿನ ಚಾರ್ಜರನ್ನೇ ಲ್ಯಾಪ್‌ಟಾಪಿಗೆ ಹಾಕುತ್ತಿದ್ದ! ಎರಡರ ಮೂತಿಯೂ ಟೈಪ್-ಸಿ, ಒಂದೇ ಥರ ಕಾಣುತ್ತದೆ. ಆದರೆ ಲ್ಯಾಪ್‌ಟಾಪಿಗೆ ಸಾಮಾನ್ಯವಾಗಿ 45 ವ್ಯಾಟ್, 65 ವ್ಯಾಟ್‌ನಂಥ ಚಾರ್ಜರು ಬೇಕು. ಸಣ್ಣ ಮೊಬೈಲ್ ಚಾರ್ಜರು ಅದಕ್ಕೆ ಸಾಲದು. ಆನೆಗೆ ಅರೆಕಾಸಿನ ಮಜ್ಜಿಗೆ ಕುಡಿಸಿದ ಹಾಗೆ. ಅದರದೇ ಚಾರ್ಜರು ಹಾಕಿ ಅರ್ಧ ಗಂಟೆ ಬಿಟ್ಟು ಗುಂಡಿ ಒತ್ತಿದರು. ಎದ್ದಿತು. ಮಕ್ಕಳೇ, ನಿಮ್ಮ ಮನೆಯ ಚಾರ್ಜರುಗಳ ಬೆನ್ನಿನ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರುವ ವ್ಯಾಟ್ ಎಷ್ಟು ಅಂತ ಈ ಭಾನುವಾರ ಓದಿ ನೋಡಿ. ವ್ಯಾಟ್ ಬರೆದಿಲ್ಲವಾದರೆ ಔಟ್‌ಪುಟ್ ಎಂಬಲ್ಲಿ ವೋಲ್ಟ್ ಮತ್ತು ಆಂಪಿಯರ್ ಇರುತ್ತದೆ. ಎರಡನ್ನೂ ಗುಣಿಸಿದರೆ ವ್ಯಾಟ್ ಬರುತ್ತದೆ.

ಕೋಲಾರ: ದೀಪ ಇದೆ, ಪರದೆ ಕಪ್ಪು

ಇದು ನಮ್ಮ ಮನೆಯದೇ ಕಥೆ. ರಾತ್ರಿ ಕರೆಂಟು ನಾಲ್ಕೈದು ಸಲ ಹೋಗಿ ಬಂದಿತ್ತು. ಬೆಳಿಗ್ಗೆ ಗುಂಡಿ ಒತ್ತಿದೆ. ದೀಪ ಉರಿಯಿತು, ಫ್ಯಾನು ಸುಯ್ ಅಂದಿತು, ಪರದೆ ಮಾತ್ರ ಕಪ್ಪು. ಅಂದರೆ ಗೇಟು ತೆಗೆದಿದೆ, ಹಾಜರಿ ನಡೆಯುತ್ತಿಲ್ಲ; ಇಲ್ಲವೇ ಹಾಜರಿ ನಡೆದರೂ ನಮಗೆ ಕಾಣುತ್ತಿಲ್ಲ.

ಮೊದಲು ಬೆಳಕು ಹೆಚ್ಚಿಸುವ ಕೀಲಿಯನ್ನು ಒತ್ತಿ ನೋಡಿದೆ. ಹೆಚ್ಚಾಗಲಿಲ್ಲ. ಕೋಣೆ ಕತ್ತಲು ಮಾಡಿ ಪರದೆಯ ಮೇಲೆ ಟಾರ್ಚನ್ನು ಓರೆಯಾಗಿ ಬಿಟ್ಟೆ. ಮಂಕಾಗಿ ಚಿತ್ರವೇನಾದರೂ ಕಂಡಿದ್ದರೆ ಪರದೆಯ ಹಿಂದಿನ ಬೆಳಕಷ್ಟೇ ಕೆಟ್ಟಿದೆ ಎಂದು ಅರ್ಥ. ಏನೂ ಕಾಣಲಿಲ್ಲ. ಎಚ್‌ಡಿಎಂಐ ವೈರಿನಿಂದ ಟಿ.ವಿ.ಗೆ ಸಿಕ್ಕಿಸಿದೆ. ಟಿ.ವಿ.ಯಲ್ಲಿ ಚಿತ್ರ ಬಂದಿದ್ದರೆ ಲ್ಯಾಪ್‌ಟಾಪು ಗಟ್ಟಿಮುಟ್ಟಾಗಿದೆ, ಪರದೆಯದೇ ತೊಂದರೆ ಎಂದು ತಿಳಿಯುತ್ತಿತ್ತು. ಅಲ್ಲೂ ಬರಲಿಲ್ಲ.

ಆಗ ಮಾಡಿದ್ದು ಒಂದು ಸರಳ ಉಪಾಯ. ಚಾರ್ಜರು ತೆಗೆದೆ. ಮೌಸು, ಪೆನ್‌ಡ್ರೈವು, ಟಿ.ವಿ. ವೈರು ಎಲ್ಲ ತೆಗೆದೆ. ಹಳೆಯ ಮಾದರಿಯಾಗಿ ಬ್ಯಾಟರಿ ಹೊರಗೆ ಬರುವಂತಿದ್ದರೆ ಅದನ್ನೂ ತೆಗೆಯಬೇಕು. ನಮ್ಮದು ಒಳಗೇ ಕೂರಿಸಿದ್ದು, ಹಾಗಾಗಿ ಬಿಟ್ಟೆ. ಆಮೇಲೆ ಆನ್ ಮಾಡುವ ಗುಂಡಿಯನ್ನು 30 ಸೆಕೆಂಡು ಒತ್ತಿ ಹಿಡಿದೆ. ಮೊಮ್ಮಗಳು ಗಟ್ಟಿಯಾಗಿ ಎಣಿಸಿದಳು. ಹೀಗೆ ಹಿಡಿದರೆ ಒಳಗಿನ ಬಿಡಿಭಾಗಗಳಲ್ಲಿ ಉಳಿದಿರುವ ಚೂರುಪಾರು ವಿದ್ಯುತ್ತು ಖಾಲಿಯಾಗಿ, ಅರೆನಿದ್ದೆಯಲ್ಲಿ ಸಿಕ್ಕಿಕೊಂಡಿದ್ದ ಯಂತ್ರ ಪೂರ್ತಿ ಮಲಗುತ್ತದೆ. ಪೂರ್ತಿ ಮಲಗಿದ್ದು ಸರಿಯಾಗಿ ಏಳುತ್ತದೆ. ಚಾರ್ಜರು ಮಾತ್ರ ಸಿಕ್ಕಿಸಿ ಗುಂಡಿ ಒತ್ತಿದೆ. ಪರದೆ ಬೆಳಗಿತು. "ತಾತ, ಇದಕ್ಕೂ ನಿದ್ದೆಗಣ್ಣು ಇರುತ್ತಾ?" ಅಂದಳು ಮೊಮ್ಮಗಳು.

ನಿಮ್ಮಲ್ಲಿ ಹಾಗೆ ಆಗದೆ, ಲ್ಯಾಪ್‌ಟಾಪು ಬೀಪ್ ಬೀಪ್ ಅಂತ ಕೂಗಿದರೆ ಅಥವಾ ದೀಪ ಲೆಕ್ಕವಿಟ್ಟು ಮಿಣುಕಿದರೆ ಗಾಬರಿಯಾಗಬೇಡಿ. ಅದು ಬಯಾಸ್ ಮಾತಾಡುತ್ತಿರುವುದು. ಯಾರು ಹಾಜರಿ ಹೇಳಲಿಲ್ಲ ಎಂದು ದೂರು ಕೊಡುತ್ತಿದೆ. ಎಷ್ಟು ಸಲ ಕೂಗಿತು, ಉದ್ದವೋ ಚಿಕ್ಕದೋ ಎಂದು ಕಾಗದದ ಮೇಲೆ ಬರೆದಿಡಿ. ಒಂದೊಂದು ಕಂಪನಿಗೆ ಒಂದೊಂದು ಸಂಕೇತ. ರಿಪೇರಿಯವರಿಗೆ ಆ ಕಾಗದ ಅರ್ಧ ಕೆಲಸ ಉಳಿಸುತ್ತದೆ.

ಮುಳಬಾಗಿಲು: ಅಕ್ಷರ ಬರುತ್ತದೆ, ವಿಂಡೋಸ್ ಬರುವುದಿಲ್ಲ

ಮುಳಬಾಗಿಲಿನಲ್ಲಿ ನನ್ನ ಹಳೆಯ ಸ್ನೇಹಿತರಿದ್ದಾರೆ, ನಿವೃತ್ತ ಮೇಷ್ಟ್ರು. ಒಂದು ಭಾನುವಾರ ಮನೆಮಂದಿಯೆಲ್ಲ ಕುರುಡುಮಲೆ ಗಣಪತಿಯ ದರ್ಶನಕ್ಕೆ ಹೋಗಿ ಬಂದಿದ್ದರು. ಫೋಟೋಗಳನ್ನು ಪೆನ್‌ಡ್ರೈವಿನಿಂದ ಲ್ಯಾಪ್‌ಟಾಪಿಗೆ ಹಾಕಿ ಮಲಗಿದರು. ಬೆಳಿಗ್ಗೆ ನೋಡಿದರೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ: 'ನೋ ಬೂಟೆಬಲ್ ಡಿವೈಸ್'. ಮೇಷ್ಟ್ರು ಫೋನಿನಲ್ಲಿ, "ಡಿಸ್ಕೇ ಹೋಯ್ತು ಅಂತ ಕಾಣುತ್ತೆ ಸಾರ್. ಹೊಸದು ತಗೋಬೇಕೇನೋ" ಅಂದರು.

"ಯಾವುದಾದರೂ ಪೆನ್‌ಡ್ರೈವು ಸಿಕ್ಕಿಸಿಬಿಟ್ಟಿದ್ದೀರಾ ನೋಡಿ ಸಾರ್" ಅಂದೆ.

ಆ ಕಡೆಯಿಂದ ಐದು ಸೆಕೆಂಡು ಮೌನ. ಆಮೇಲೆ ಒಂದು ನಗು.

ಆದದ್ದಿಷ್ಟೇ. ಅಟೆಂಡರು ಹೆಡ್‌ಮಾಸ್ಟರರನ್ನು ಎಬ್ಬಿಸಲು ಹೊರಟರು. ಅವರ ಚೀಟಿಯಲ್ಲಿ ಮೊದಲ ವಿಳಾಸ ಪೆನ್‌ಡ್ರೈವಿನದಾಗಿತ್ತು. ಅಲ್ಲಿ ಬಾಗಿಲು ತಟ್ಟಿದರು. ಅಲ್ಲಿದ್ದದ್ದು ಗಣಪತಿಯ ಫೋಟೋಗಳು, ವಿಂಡೋಸ್ ಅಲ್ಲ. ಅಲ್ಲೇ ನಿಂತುಬಿಟ್ಟರು. ಪೆನ್‌ಡ್ರೈವು ತೆಗೆದು ಮತ್ತೆ ಆನ್ ಮಾಡಿದಾಗ ನೇರವಾಗಿ ಡಿಸ್ಕಿನ ಮನೆಗೆ ಹೋದರು.

ಪೆನ್‌ಡ್ರೈವು ಇಲ್ಲದೆಯೂ ಇದೇ ಮಾತು ಬಂದರೆ ಬಯಾಸ್‌ನ ಒಳಗೆ ಹೋಗಿ ನೋಡಬಹುದು. ಆನ್ ಮಾಡಿದ ಕೂಡಲೇ ಎಫ್2, ಡಿಲೀಟ್ ಅಥವಾ ಎಫ್10 ಕೀಲಿ. ಕಂಪನಿಯಿಂದ ಕಂಪನಿಗೆ ಬೇರೆ. ಅಲ್ಲಿ ಡಿಸ್ಕಿನ ಹೆಸರು ಕಾಣುತ್ತಿದೆಯೇ ಎಂದು ನೋಡಿ, ಅಷ್ಟೇ. ಏನನ್ನೂ ಬದಲಿಸದೆ ಹೊರಗೆ ಬನ್ನಿ. ಹೆಸರು ಕಂಡರೆ ಡಿಸ್ಕು ಉಸಿರಾಡುತ್ತಿದೆ, ಅದರೊಳಗಿನ ವಿಂಡೋಸ್ ಕೆಟ್ಟಿರಬಹುದು. ಹೆಸರೇ ಕಾಣದಿದ್ದರೆ ಡಿಸ್ಕು ಸಡಿಲಾಗಿದೆ ಅಥವಾ ಕೆಟ್ಟಿದೆ. ಹಳೆಯ ತಿರುಗುವ ಡಿಸ್ಕಿನಿಂದ ಟಕ್ ಟಕ್ ಎಂದು ಸದ್ದು ಬರುತ್ತಿದ್ದರೆ ಮತ್ತೆ ಮತ್ತೆ ಆನ್ ಮಾಡಲೇಬೇಡಿ. ಪ್ರತಿ ಸಲವೂ ಒಳಗಿನ ಕಡತಗಳಿಗೆ ಅಪಾಯ ಹೆಚ್ಚುತ್ತದೆ.

ಶ್ರೀನಿವಾಸಪುರ: ಎದ್ದು ಎದ್ದು ಬೀಳುವುದು

ಇನ್ನು ಶ್ರೀನಿವಾಸಪುರ. ಅಲ್ಲಿ ನನ್ನ ಅಕ್ಕನ ಮನೆ. ಅಕ್ಕ ಈಗ ಇಲ್ಲ, ಹೋದ ವರ್ಷ ತೀರಿಕೊಂಡರು. ಭಾವ ಇದ್ದಾರೆ, ಮಗ-ಸೊಸೆ ಇದ್ದಾರೆ, ಏಳನೇ ಕ್ಲಾಸಿನ ಮೊಮ್ಮಗ ಇದ್ದಾನೆ. ಅಕ್ಕ ಚೆನ್ನಾಗಿ ಹಾಡುತ್ತಿದ್ದರು. ಸೋಬಾನೆ, ಲಾಲಿ, ರಾಗಿ ಬೀಸುವಾಗಿನ ಪದ. ನಮ್ಮ ಸೀಮೆಯ ರೂಢಿಯಂತೆ ಅರ್ಧ ಕನ್ನಡ, ಅರ್ಧ ತೆಲುಗು. ಶಾಲೆಯಲ್ಲಿ 'ಮನೆಯ ಹಿರಿಯರಿಂದ ಕಲಿತದ್ದು' ಎಂಬ ಪ್ರಾಜೆಕ್ಟ್ ಕೊಟ್ಟಾಗ ಹುಡುಗ ಅಜ್ಜಿಯನ್ನು ಕೂರಿಸಿಕೊಂಡು ಎರಡು ಗಂಟೆಯಷ್ಟು ಹಾಡನ್ನು ಲ್ಯಾಪ್‌ಟಾಪಿಗೆ ಹಿಡಿದಿಟ್ಟಿದ್ದ. ಆರು ತಿಂಗಳಿಗೆ ಅಕ್ಕ ಹೋದರು. ಭಾವ ಶುಕ್ರವಾರ ಸಂಜೆ ದೀಪ ಹಚ್ಚಿದ ಮೇಲೆ "ಆ ಲಾಲಿ ಹಾಕಪ್ಪ" ಅಂದು ಕೇಳುತ್ತಿದ್ದರು.

ಒಂದು ಶುಕ್ರವಾರ ಲ್ಯಾಪ್‌ಟಾಪು ಏಳಲಿಲ್ಲ. ಭಾವ ನನಗೆ ಫೋನ್ ಮಾಡಿದರು. ಮೆಷಿನ್ ಕೆಟ್ಟಿದೆ ಅನ್ನಲಿಲ್ಲ. "ನಿಮ್ಮಕ್ಕನ ದನಿ ಹೋಯ್ತೇನೋ ಕಣಯ್ಯ" ಅಂದರು. ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆ.

ಹೋಗಿ ನೋಡಿದರೆ ದೀಪ ಇದೆ, ಕಂಪನಿಯ ಚಿಹ್ನೆ ಬರುತ್ತದೆ, ವಿಂಡೋಸಿನ ಚುಕ್ಕಿಗಳು ಸುತ್ತುತ್ತವೆ, ನೀಲಿ ಪರದೆ ಬಂದು ಆಫ್ ಆಗುತ್ತದೆ, ಮತ್ತೆ ತಾನೇ ಆನ್ ಆಗುತ್ತದೆ. ಹೆಡ್‌ಮಾಸ್ಟರರು ಎದ್ದಿದ್ದಾರೆ, ಮೇಷ್ಟರುಗಳನ್ನು ಕರೆಯುವಾಗ ಯಾರೋ ಒಬ್ಬರು ಕಾಲು ಅಡ್ಡ ಕೊಡುತ್ತಿದ್ದಾರೆ. ಅಂದರೆ ಡಿಸ್ಕು ಬದುಕಿದೆ. ಭಾವನಿಗೆ ಅದನ್ನೇ ಮೊದಲು ಹೇಳಿದೆ. ಅವರು ಆಗ ಕಾಫಿ ಕುಡಿದರು.

ಮೂರನೆಯ ಸಲ ಬಿದ್ದ ಮೇಲೆ 'ಆಟೊಮ್ಯಾಟಿಕ್ ರಿಪೇರ್' ಎಂದು ಬಂತು. ಸಾಲಾಗಿ ಎರಡು ಮೂರು ಸಲ ಏಳಲಾಗದಿದ್ದರೆ ವಿಂಡೋಸ್ ತಾನೇ ಈ ದುರಸ್ತಿ ಕೋಣೆಗೆ ಬರುತ್ತದೆ. ಅಲ್ಲಿ 'ಟ್ರಬಲ್‌ಶೂಟ್', ಅದರೊಳಗೆ 'ಅಡ್ವಾನ್ಸ್‌ಡ್ ಆಪ್ಷನ್ಸ್'. ಮೊದಲು 'ಸ್ಟಾರ್ಟಪ್ ರಿಪೇರ್' ಒತ್ತಿದೆ. ಹತ್ತು ನಿಮಿಷ ಹುಡುಕಿ, ಆಗಲಿಲ್ಲ ಅಂದಿತು. ಅದೇ ಕೋಣೆಯಲ್ಲಿ 'ರಿಸೆಟ್ ದಿಸ್ ಪಿಸಿ' ಎಂಬ ಗುಂಡಿಯೂ ಇರುತ್ತದೆ. ತಾತ-ಅಜ್ಜಿಯರೇ, ಇದನ್ನು ಮಾತ್ರ ಅವಸರದಲ್ಲಿ ಒತ್ತಬೇಡಿ. ಅದರಲ್ಲಿ 'ಎಲ್ಲವನ್ನೂ ತೆಗೆದುಹಾಕು' ಎಂಬುದನ್ನು ಆರಿಸಿದರೆ ಫೋಟೋ, ಹಾಡು ಎಲ್ಲ ಹೋಗುತ್ತದೆ. ನನ್ನ ನಿಯಮ ಒಂದೇ: ಮೊದಲು ಕಡತ, ಆಮೇಲೆ ಯಂತ್ರ.

ನಾನು ಹೋದದ್ದು 'ಸ್ಟಾರ್ಟಪ್ ಸೆಟ್ಟಿಂಗ್ಸ್' ಕಡೆಗೆ. ಅಲ್ಲಿ 'ರೀಸ್ಟಾರ್ಟ್' ಒತ್ತಿದರೆ ಒಂದು ಪಟ್ಟಿ ಬರುತ್ತದೆ. 4 ಒತ್ತಿದರೆ 'ಸೇಫ್ ಮೋಡ್'. ಇದರಲ್ಲಿ ವಿಂಡೋಸ್ ತೀರಾ ಬೇಕಾದವರನ್ನು ಮಾತ್ರ ಕರೆದು ಶಾಲೆ ನಡೆಸುತ್ತದೆ. ಮಳೆಗಾಲದ ದಿನ ಇಬ್ಬರೇ ಮೇಷ್ಟ್ರು ಬಂದು ಎಲ್ಲ ತರಗತಿಯನ್ನೂ ನೋಡಿಕೊಳ್ಳುವುದಿಲ್ಲವೇ, ಹಾಗೆ. ಕಾಲು ಅಡ್ಡ ಕೊಡುತ್ತಿರುವವರು ಆ ಇಬ್ಬರಲ್ಲಿ ಇಲ್ಲದಿದ್ದರೆ ಶಾಲೆ ನಡೆಯುತ್ತದೆ.

ಆದರೆ ಪರದೆ 48 ಅಂಕಿಗಳ ಒಂದು ಕೀಲಿ ಕೇಳಿತು. 'ಬಿಟ್‌ಲಾಕರ್' ಎಂದರೆ ಡಿಸ್ಕಿಗೆ ಹಾಕಿದ ಬೀಗ. ಕಳ್ಳರ ಕೈಗೆ ಸಿಕ್ಕರೂ ಒಳಗಿನದು ಸಿಗದಿರಲಿ ಎಂದು ಈಗಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಅದು ತಾನಾಗಿಯೇ ಬಿದ್ದಿರುತ್ತದೆ. ಮನೆಯಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ. ಭಾವನ ಮುಖ ಮತ್ತೆ ಸಪ್ಪಗಾಯಿತು. "ಈ ಲ್ಯಾಪ್‌ಟಾಪನ್ನು ಮೊದಲ ದಿನ ಶುರುಮಾಡಿದ್ದು ಯಾರು?" ಅಂದೆ. ಬೆಂಗಳೂರಿನಲ್ಲಿರುವ ಮಗಳು. ಅವಳು ತನ್ನ ಮೊಬೈಲಿನಲ್ಲಿ ಮೈಕ್ರೋಸಾಫ್ಟ್ ಖಾತೆಗೆ ಹೋಗಿ ನೋಡಿದಳು. ಕೀಲಿ ಅಲ್ಲಿತ್ತು.

ಫೋನಿನಲ್ಲಿ ಅವಳು ಓದಿದಳು, ಹುಡುಗ ಬರೆದುಕೊಂಡ. ಆರಾರು ಅಂಕಿಗಳ ಎಂಟು ಗುಂಪು. ಇದರಲ್ಲೊಂದು ಚೆಂದದ ಲೆಕ್ಕವಿದೆ, ಮಕ್ಕಳೇ. ಪ್ರತಿ ಗುಂಪೂ 11ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ! ಹಾಗಾಗಿ ಒಂದು ಅಂಕಿ ತಪ್ಪಿದರೂ ಸಿಕ್ಕಿಬೀಳುತ್ತದೆ. 135795 ಎಂಬ ಸಂಖ್ಯೆ ತೆಗೆದುಕೊಳ್ಳಿ. ಒಂದು ಬಿಟ್ಟು ಒಂದು ಅಂಕಿ ಕೂಡಿಸಿ: 1+5+9=15. ಉಳಿದವು: 3+7+5=15. ವ್ಯತ್ಯಾಸ 0. ವ್ಯತ್ಯಾಸ 0 ಅಥವಾ 11ರ ಗುಣಕವಾದರೆ ಆ ಸಂಖ್ಯೆ 11ರಿಂದ ಭಾಗವಾಗುತ್ತದೆ. ಹುಡುಗ ಎಂಟು ಗುಂಪನ್ನೂ ಹೀಗೇ ಪರೀಕ್ಷಿಸಿದ. ಐದನೆಯದು ತಪ್ಪಿತ್ತು. ಅತ್ತೆಯನ್ನು ಮತ್ತೊಮ್ಮೆ ಕೇಳಿ ತಿದ್ದಿದ. ಬೀಗ ತೆರೆಯಿತು. ಸೇಫ್ ಮೋಡಿನಲ್ಲಿ, ದೊಡ್ಡ ದೊಡ್ಡ ಅಕ್ಷರಗಳೊಂದಿಗೆ, ಲ್ಯಾಪ್‌ಟಾಪು ಎದ್ದಿತು.

ರಿಪೇರಿಗೆ ಕೈಹಾಕಲಿಲ್ಲ. ಮೊದಲು ಅಕ್ಕನ ಹಾಡುಗಳನ್ನೆಲ್ಲ ಪೆನ್‌ಡ್ರೈವಿಗೆ ನಕಲು ಮಾಡಿದೆವು. ಆಮೇಲೆ ಕೇಳಿದೆ, "ಕೆಡುವ ಮುಂಚೆ ಕೊನೆಗೆ ಏನು ಮಾಡಿದ್ರಿ?"

ಯಾರೂ ಮಾತಾಡಲಿಲ್ಲ. ಹುಡುಗ ನೆಲ ನೋಡುತ್ತಿದ್ದ. ಎಲ್ಲರೂ ಒಳಗೆ ಹೋದ ಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಅಂದ, "ಚಿಕ್ಕತಾತ, ಗೇಮ್ ನಿಧಾನ ಆಗ್ತಿತ್ತು. ಲ್ಯಾಪ್‌ಟಾಪ್ ಫಾಸ್ಟ್ ಮಾಡುತ್ತೆ ಅಂತ ಒಂದು ಪ್ರೋಗ್ರಾಮ್ ಹಾಕ್ದೆ. ಅದು ಡ್ರೈವರ್ ಎಲ್ಲಾ ಹೊಸದು ಮಾಡ್ತೀನಿ ಅಂತು. ಹೂಂ ಅಂದೆ. ಆಮೇಲೆ ಹಿಂಗಾಯ್ತು. ಹೇಳಿದ್ರೆ ಅಜ್ಜಿ ಹಾಡು ನನ್ನಿಂದ ಹೋಯ್ತು ಅಂತಾರೆ ಅಂತ ಸುಮ್ನಿದ್ದೆ."

ಒಂದು ದಿನ, ಒಂದು ರಾತ್ರಿ ಆ ಮಗು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡಿತ್ತು. ಅವನು ಹೇಳಿದ ಆ ಒಂದು ಮಾತು ನಾನು ಒಂದು ಗಂಟೆ ಹುಡುಕಬೇಕಾಗಿದ್ದನ್ನು ಒಂದು ನಿಮಿಷದಲ್ಲಿ ತೋರಿಸಿತು. 'ಡಿವೈಸ್ ಮ್ಯಾನೇಜರ್' ತೆರೆದು, ಪರದೆಯ ಡ್ರೈವರನ್ನು 'ರೋಲ್ ಬ್ಯಾಕ್' ಮಾಡಿ ಹಳೆಯದಕ್ಕೇ ಮರಳಿಸಿದೆವು. ಮತ್ತೆ ಆನ್ ಮಾಡಿದಾಗ ಎಂದಿನಂತೆ ಎದ್ದಿತು. ಆ 'ಫಾಸ್ಟ್' ಪ್ರೋಗ್ರಾಮನ್ನು ಹುಡುಗನೇ ತೆಗೆದುಹಾಕಿದ.

ಭಾವನಿಗೆ ವಿಷಯ ಹೇಳಿದ್ದೂ ಅವನೇ. ಭಾವ ಬೈಯಲಿಲ್ಲ. "ಹಾಡು ಹಿಡಿದಿಟ್ಟವನೂ ನೀನೇ ಅಲ್ವೇನೋ" ಅಂದರು. ಆ ಸಂಜೆ ಶನಿವಾರವಾದರೂ ಲಾಲಿ ಕೇಳಿದೆವು.

ಇದು ಮಕ್ಕಳಾಟವಲ್ಲ

ಮನೆಯ ಸಣ್ಣ ಯಂತ್ರಕ್ಕೆ ಮಾತ್ರ ಹೀಗಾಗುತ್ತದೆ ಅಂದುಕೊಳ್ಳಬೇಡಿ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ತಪ್ಪು ಕಡತದಿಂದ ಪ್ರಪಂಚದಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ಬಿದ್ದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಪ್ರಯಾಣಿಕರಿಗೆ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದು ಕೊಟ್ಟರು! ಅವನ್ನು ಎಬ್ಬಿಸಿದ ದಾರಿ ಯಾವುದು ಗೊತ್ತೇ? ಸೇಫ್ ಮೋಡಿಗೆ ಹೋಗುವುದು, ಆ ಕೆಟ್ಟ ಕಡತವನ್ನು ಅಳಿಸುವುದು, ಮತ್ತೆ ಆನ್ ಮಾಡುವುದು. ಬಿಟ್‌ಲಾಕರ್ ಕೀಲಿ ಎಲ್ಲಿಟ್ಟಿದ್ದೇವೆ ಎಂದು ದೊಡ್ಡ ದೊಡ್ಡ ಆಫೀಸಿನವರೂ ಆ ದಿನ ಹುಡುಕಾಡಿದರು. ಶ್ರೀನಿವಾಸಪುರದ ಮನೆಯಲ್ಲಿ ಆದದ್ದೂ ಇದೇ ಅಲ್ಲವೇ?

ಇಷ್ಟು ಎಚ್ಚರವಿರಲಿ

ಬ್ಯಾಟರಿ ಉಬ್ಬಿ ಕೀಬೋರ್ಡು ಅಥವಾ ತಳ ಎದ್ದು ಬಂದಿದ್ದರೆ ಅಲ್ಲಿಗೇ ನಿಲ್ಲಿಸಿ. ಚಾರ್ಜ್ ಮಾಡಬೇಡಿ, ಒತ್ತಬೇಡಿ, ಚುಚ್ಚಬೇಡಿ; ಬೆಂಕಿ ಹತ್ತಬಹುದು.

ಕಾಫಿ, ನೀರು ಬಿದ್ದಿದ್ದರೆ ಗೋಡೆಯ ಸ್ವಿಚ್ಚು ಮೊದಲು ಆರಿಸಿ, ಚಾರ್ಜರು ತೆಗೆಯಿರಿ, ಲ್ಯಾಪ್‌ಟಾಪು ಆಫ್ ಮಾಡಿ, ಬಗ್ಗಿಸಿ ಇಡಿ. "ಕೆಲಸ ಮಾಡುತ್ತಾ ನೋಡೋಣ" ಎಂದು ಆನ್ ಮಾಡಬೇಡಿ. ಅಕ್ಕಿಯ ಡಬ್ಬಕ್ಕೂ ಹಾಕಬೇಡಿ. ಅಕ್ಕಿಯ ಹಿಟ್ಟು ಒಳಗೆ ಹೋಗುತ್ತದೆ.

ಹಾಸಿಗೆ, ದಿಂಬಿನ ಮೇಲಿಟ್ಟು ಬಳಸಬೇಡಿ. ತಳದ ಗಾಳಿಯ ಕಿಂಡಿ ಮುಚ್ಚಿ ಬಿಸಿಯಾಗುತ್ತದೆ.

ಪರದೆಯ ಮೇಲೆ "ನಿಮ್ಮ ಕಂಪ್ಯೂಟರು ಕೆಟ್ಟಿದೆ, ಈ ನಂಬರಿಗೆ ಫೋನ್ ಮಾಡಿ" ಎಂದು ಬಂದರೆ ಮಾಡಬೇಡಿ. ಅದು ಮೋಸ. ತಾತ-ಅಜ್ಜಿಯರು ಇದನ್ನು ಮುಖ್ಯವಾಗಿ ನೆನಪಿಡಬೇಕು. ದುಡ್ಡು ಹೋಗಿಯೇಬಿಟ್ಟರೆ ಕೂಡಲೇ 1930ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಸೈಬರ್ ಸಹಾಯವಾಣಿ.

ಅಂಗಡಿಗೆ ಕೊಡುವಾಗ ಎಲ್ಲಿಯ ತನಕ ಎದ್ದು ಎಲ್ಲಿ ನಿಲ್ಲುತ್ತದೆ ಎಂದು ಒಂದು ಚೀಟಿಯಲ್ಲಿ ಬರೆದುಕೊಡಿ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ, "ಒಳಗಿನ ಕಡತ ಬೇಕು, ಕೇಳದೆ ಫಾರ್ಮ್ಯಾಟ್ ಮಾಡಬೇಡಿ" ಎಂದು ಬರೆಯಿರಿ. ಡಿಸ್ಕು ಬದಲಿಸಿದರೆ ಹಳೆಯದನ್ನು ವಾಪಸು ಕೇಳಿ ಪಡೆಯಿರಿ.

ಈ ವಾರದ ಮನೆಗೆಲಸ

ಮಾವಿನ ಕಾಲ ಬಂದರೆ ಅಕ್ಕ ಒಂದೇ ದೊಡ್ಡ ಜಾಡಿಗೆ ಉಪ್ಪಿನಕಾಯಿ ಹಾಕುತ್ತಿರಲಿಲ್ಲ. ಮೂರು ಜಾಡಿ ಮಾಡುತ್ತಿದ್ದರು. ಒಂದು ಅಡುಗೆಮನೆಗೆ, ಒಂದು ಅಟ್ಟದ ಮೇಲೆ, ಒಂದು ಮಗಳ ಮನೆಗೆ. "ಒಂದಕ್ಕೆ ಬೂಷ್ಟು ಬಂದ್ರೂ ಇನ್ನೆರಡು ಇರುತ್ತೆ" ಅನ್ನುತ್ತಿದ್ದರು. ಕಂಪ್ಯೂಟರ್ ಬಲ್ಲವರು ಹೇಳುವುದೂ ಇದನ್ನೇ: ಬೇಕಾದ ಕಡತದ ಮೂರು ಪ್ರತಿ ಇರಲಿ, ಎರಡು ಬೇರೆ ಬಗೆಯ ಜಾಗದಲ್ಲಿರಲಿ, ಒಂದಾದರೂ ಮನೆಯಿಂದ ಹೊರಗಿರಲಿ. ಅಕ್ಕನ ಹಾಡು ಈಗ ಲ್ಯಾಪ್‌ಟಾಪಿನಲ್ಲಿದೆ, ಬೀರುವಿನೊಳಗಿನ ಪೆನ್‌ಡ್ರೈವಿನಲ್ಲಿದೆ, ಬೆಂಗಳೂರಿನ ಮಗಳ ಹತ್ತಿರವೂ ಇದೆ.

ಈ ಭಾನುವಾರ ತಾತನೋ ಅಜ್ಜಿಯೋ ಮೊಮ್ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೂರು ಕೆಲಸ ಮಾಡಿ. ಒಂದು, ಕಳೆದುಹೋದರೆ ಮತ್ತೆ ಸಿಗದಂಥ ಫೋಟೋ, ದನಿ ಯಾವುವು ಎಂದು ಪಟ್ಟಿ ಮಾಡಿ, ಇನ್ನೆರಡು ಕಡೆ ನಕಲಿಡಿ. ಎರಡು, ಲ್ಯಾಪ್‌ಟಾಪು ಯಾರ ಖಾತೆಯಿಂದ ಶುರುವಾಗಿದೆ ಎಂದು ಕೇಳಿ, ಬಿಟ್‌ಲಾಕರ್ ಕೀಲಿಯಿದ್ದರೆ ನೋಟ್‌ಬುಕ್ಕಿನಲ್ಲಿ ಬರೆದು ಬೀರುವಿನಲ್ಲಿಡಿ. ಲ್ಯಾಪ್‌ಟಾಪಿನ ಚೀಲದಲ್ಲಿ ಮಾತ್ರ ಇಡಬೇಡಿ. ಆ ಎಂಟು ಗುಂಪನ್ನು 11ರಿಂದ ಪರೀಕ್ಷಿಸುವ ಕೆಲಸ ಮಕ್ಕಳದು.

ಮೂರನೆಯದು ದೊಡ್ಡವರಿಗೆ. "ಏನೇ ಕೆಟ್ಟರೂ ಬಂದು ಹೇಳು, ಬೈಯೋದಿಲ್ಲ" ಎಂದು ಮಕ್ಕಳಿಗೆ ಒಂದು ಮಾತು ಕೊಡಿ. ಕೊಟ್ಟ ಮೇಲೆ ಉಳಿಸಿಕೊಳ್ಳಿ.

ಮುಂದಿನ ವಾರ ಮನೆಯ ಯುಪಿಎಸ್ ಬ್ಯಾಟರಿಗೆ ನೀರು ಯಾಕೆ ಹಾಕುತ್ತಾರೆ, ನಲ್ಲಿ ನೀರು ಯಾಕೆ ಹಾಕಬಾರದು ಎಂದು ನೋಡೋಣ. ಅಲ್ಲಿಯ ತನಕ ನಿಮ್ಮ ಲ್ಯಾಪ್‌ಟಾಪು ದಿನಾ ಬೆಳಿಗ್ಗೆ ಸರಿಯಾಗಿ ಏಳಲಿ. ನೀವೂ ಏಳಿ!